ನಲವತ್ತೊಂದು ಸೆಕೆಂಡು

೮ ಸೆಪ್ಟೆಂಬರ್ ೨೦೨೫, ಸೋಮವಾರ

ರೇಷ್ಮೆ ಹುಳು ಪೊರೆ ಕಳಚಿ ಮೂರನೇ ಜ್ವರದಿಂದ ಎದ್ದಿವೆ. ಬೆಳಿಗ್ಗೆ ತಂದ ಸೊಪ್ಪು ಸಾಲಲಿಲ್ಲ. ಮತ್ತೆ ತೋಟಕ್ಕೆ ಹೋಗಿ ಕೊಯ್ದು ತಂದೆ. ಯಜಮಾನರು ಇದ್ದಾಗ ಅವರು ಕೊಯ್ಯುತ್ತಿದ್ದರು, ನಾನು ಹಾಸುತ್ತಿದ್ದೆ. ಈಗ ಎರಡೂ ನಾನೇ.

ಸಂಜೆ ಶ್ವೇತ ಹೋಮ್‌ವರ್ಕ್ ಬಿಟ್ಟು ಕೇಳಿದಳು, “ಅಮ್ಮಾ, ಅಪ್ಪ ನನ್ನ ಹೆಂಗೆ ಕರೀತಿತ್ತು?”

“ಚಿಟ್ಟಿ ಅಂತ.”

“ಅದು ಗೊತ್ತು. ಅಪ್ಪನ ಥರ ಕರಿ.”

ಕರೆದೆ. “ಹಂಗಲ್ಲ” ಅಂದಳು. ಮತ್ತೆ ಕರೆದೆ. ತಲೆ ಅಲ್ಲಾಡಿಸಿ ಪುಸ್ತಕ ನೋಡತೊಡಗಿದಳು.

ಅವರು ಹೋಗಿ ಇನ್ನೂ ಎಂಟು ತಿಂಗಳು ತುಂಬಿಲ್ಲ. ಮುಖ ಫೋಟೋದಲ್ಲಿದೆ. ಧ್ವನಿ ಎಲ್ಲೂ ಇಲ್ಲ. ನನ್ನ ಹಳೇ ಫೋನ್ ತೊಟ್ಟಿಗೆ ಬಿದ್ದು ಹಾಳಾಯಿತು. ಅವರದು ಪೊಲೀಸರ ಹತ್ತಿರ. ಮಲಗುವಾಗ “ಗಂಗಾ” ಅಂತ ಅವರು ಕರೆದಂತೆ ನೆನೆಸಿಕೊಳ್ಳಲು ನೋಡುತ್ತೇನೆ. ನನ್ನದೇ ಧ್ವನಿ ಕೇಳಿಸುತ್ತದೆ.

೧೯ ಸೆಪ್ಟೆಂಬರ್, ಶುಕ್ರವಾರ

ಕೋಲಾರ ಕೋರ್ಟು. ಬೆಳಿಗ್ಗೆ ಏಳರ ಬಸ್ಸು. ಭಾವ ಶ್ರೀನಿವಾಸಪ್ಪನವರೂ ಬಂದಿದ್ದರು.

ಮುರಳಿಮೋಹನನನ್ನು ಜೈಲಿನಿಂದ ಕರೆತಂದರು. ಇಳಿದು ಹೋಗಿದ್ದಾನೆ. ನನ್ನ ಕಡೆ ನೋಡಿದ, ನಾನು ಮುಖ ತಿರುಗಿಸಿದೆ. ನಮ್ಮ ಮನೆಯಲ್ಲೇ ಉಂಡವನು. ಎರಡೂ ಮನೆಗೆ ಸೇರಿ ಒಂದೇ ಬೋರ್‌ವೆಲ್. ಜನವರಿ ಹದಿನೆಂಟರ ಮಧ್ಯಾಹ್ನ ತಾಯಲೂರಿನ ಟೀ ಅಂಗಡಿ ಮುಂದೆ ನೀರಿನ ಸರದಿಗೆ ಇವರೂ ಅವನೂ ಕಿತ್ತಾಡಿದರು. “ನಿನ್ನ ಉಳ್ಸಲ್ಲ ಕಣೋ” ಅಂತ ಅವನು ಕೂಗಿದ್ದನ್ನು ನಾನೇ ಕೇಳಿದೆ. ಸಂಜೆಗೆ ದೇವರಾಯಸಮುದ್ರದ ಕೆರೆ ಕಟ್ಟೆ ಕೆಳಗೆ, ಕಲ್ಲುಗಳ ನಡುವೆ, ಇವರ ಹೆಣ. ಮುರಳಿ ಅಂಗಿ ತುಂಬ ರಕ್ತ. ರಾಜಿಯಾಗಿ ಮೋಟರ್ ರಿಪೇರಿಗೆ ಒಟ್ಟಿಗೆ ಹೊರಟೆವು, ಗಾಡಿ ಜಾರಿತು, ಆಟೋ ತರಲು ಓಡಿದೆ ಅಂದ. ಯಾರೂ ನಂಬಲಿಲ್ಲ. ನಾನೂ. ಪೊಲೀಸರಿಗೆ ಹೇಳಿಕೆ ಕೊಟ್ಟವಳೇ ನಾನು.

ಇವತ್ತು ಹೊಸ ಸರ್ಕಾರಿ ವಕೀಲರು. ಮೇಘನ ಮೇಡಂ. ಚಿಕ್ಕ ವಯಸ್ಸು. ನಮ್ಮ ಲಾಯರ್ ಅನಿಲ್‌ಕುಮಾರ್ ಕೈಗೂ, ಮುರಳಿ ಕಡೆ ಲಾಯರ್ ಕೈಗೂ ಒಂದೊಂದು ಪಟ್ಟಿ ಕೊಟ್ಟರು. ಏನದು ಅಂತ ಕೇಳಿದೆ. ಕಾರಿಡಾರಿನಲ್ಲಿ ನಿಂತು ಬಿಡಿಸಿ ಹೇಳಿದರು. “ಮುಂಚೆ ಪೊಲೀಸ್ನೋರು ಕೇಸಿಗೆ ಬೇಕಾದ ಪೇಪರ್ ಮಾತ್ರ ಕೊಡೋರಮ್ಮ. ಬೇಡ ಅಂತ ಬಿಟ್ಟಿದ್ದು ಫೈಲಲ್ಲೇ ಉಳೀತಿತ್ತು. ಈಗ ಬಿಟ್ಟಿದ್ದರ ಪಟ್ಟಿನೂ ಕೊಡ್ಬೇಕು. ಹೊಸ ಕಾನೂನು ಬಂದ್ಮೇಲೆ, ಸತ್ತೋರ ಕಡೆಯೋರು ಲಾಯರ್ ಇಟ್ಕೊಂಡಿದ್ರೆ ಅವ್ರಿಗೂ ಚಾರ್ಜ್‌ಶೀಟ್ ಕಾಪಿ. ಅದಕ್ಕೆ ಪಟ್ಟಿನೂ ನಿಮ್ಗೆ ಕೊಟ್ಟೆ.”

ಹನ್ನೊಂದು ಐಟಂ. ಒಂಬತ್ತನೆಯದು — ‘ಮೃತ ಕದಿರೇಶನ ಮೊಬೈಲಿನಲ್ಲಿ ದೊರೆತ ವಾಯ್ಸ್ ಮೆಸೇಜ್. ರವಾನೆಯಾಗಿಲ್ಲ. ಅವಧಿ ೪೧ ಸೆಕೆಂಡ್. ಸಮಯ ಸಂಜೆ ೪.೫೨. ಸ್ವೀಕರಿಸುವವರು: ಗಂಗಾ.’

ಗಂಗಾ ನಾನೇ.

ಕಟ್ಟೆ ಕೆಳಗೆ ಸಿಗ್ನಲ್ ಇರುವುದಿಲ್ಲ. ಹೋಗದೆ ಅಲ್ಲೇ ಉಳಿದಿದೆ. ಎಂಟು ತಿಂಗಳು.

ಬಸ್ಸಲ್ಲಿ ಬರುತ್ತಾ ಒಂದು, ಎರಡು ಅಂತ ನಲವತ್ತೊಂದರವರೆಗೆ ಎಣಿಸಿದೆ. ಎಷ್ಟು ಹೊತ್ತು… ಎಷ್ಟೆಲ್ಲ ಹೇಳಬಹುದು.

೨೦ ಸೆಪ್ಟೆಂಬರ್

ಭಾವ ಬೆಳಿಗ್ಗೆಯೇ ಬಂದರು. ಪಟ್ಟಿ ಕೊಟ್ಟರೂ ಧ್ವನಿ ತಾನಾಗಿ ಬರುವುದಿಲ್ಲವಂತೆ. ಕಾಪಿ ಬೇಕು ಅಂತ ಅರ್ಜಿ ಹಾಕಬೇಕು. ಮುರಳಿ ಲಾಯರ್ ಹಾಕುತ್ತಾನೆ. ನಾವು ಬೇಡ ಅನ್ನಬೇಕು ಅಂತ ಅವರ ವಾದ.

“ಪೊಲೀಸ್ನೋರು ಯಾಕೆ ಬಿಟ್ರು ಹೇಳು? ಕೇಸಿಗೆ ಆಗ್ಬರಲ್ಲ ಅಂತಾನೇ. ಅದ್ರಲ್ಲಿ ಏನಿದ್ಯೋ ಏನೋ. ಆ ನನ್ ಮಗ ಬಿಡುಗಡೆ ಆಗೋ ಅಂಥದ್ದೇನಾದ್ರೂ ಇದ್ರೆ?”

“ಅವ್ರ ಮಾತು ಭಾವ. ನಂಗೆ ಹೇಳಿದ್ದು.”

“ಸತ್ತೋನು ವಾಪಸ್ ಬರ್ತಾನೇನಮ್ಮಾ?”

ಹೋದವರು ಅವರ ತಮ್ಮ. ಅವರಿಗೂ ನೋವಿದೆ. ಕಾಫಿ ಕೊಟ್ಟೆ, ಕುಡಿಯದೆ ಹೋದರು.

೨೩ ಸೆಪ್ಟೆಂಬರ್

ಹುಳು ಹಣ್ಣಾಗುತ್ತಿವೆ. ಇಡೀ ದಿನ ಆರಿಸಿ, ಗೂಡು ಕಟ್ಟಲು ಚಂದ್ರಿಕೆಗೆ ಬಿಟ್ಟೆ. ಬೆನ್ನು ಬಿದ್ದುಹೋಗಿದೆ.

ನಡುವೆ ಅನಿಲ್‌ಕುಮಾರ್‌ಗೆ ಫೋನ್ ಮಾಡಿ ಹೇಳಿದೆ, ನಮ್ಮ ಕಡೆಯಿಂದಲೂ ಅರ್ಜಿ ಹಾಕಿ. “ಯೋಚ್ನೆ ಮಾಡಿದೀರಾ ಅಕ್ಕಾ? ಕೇಸ್ ಬಿದ್ದೋಗ್ಬೋದು.” ಮಾಡಿದ್ದೇನೆ ಅಂದೆ.

ಸುಳ್ಳು. ಏನೂ ಯೋಚಿಸಿಲ್ಲ. ನ್ಯಾಯ, ಮುರಳಿ, ಯಾವುದೂ ತಲೆಯಲ್ಲಿಲ್ಲ. ಕೇಳಬೇಕು ಅಷ್ಟೇ.

೧೪ ಅಕ್ಟೋಬರ್, ಮಂಗಳವಾರ

ಜಡ್ಜ್ ರಜೆ. ಮುಂದಕ್ಕೆ ಹೋಯಿತು.

ಮೇಘನ ಮೇಡಂ ಅವರ ರೂಮಿನ ಹೊರಗೆ ಕಾದೆ. ಬಂದಾಗ ನೇರ ಕೇಳಿದೆ.

“ಮೇಡಂ, ನೀವು ಕೇಳಿದೀರಾ ಅದನ್ನ?”

“ಕೇಳಿದೀನಿ.”

“ಏನಿದೆ?”

“ಅದು ನಿಮ್ಗೆ ಅಂತ ಹೇಳಿರೋದಮ್ಮ. ನನ್ ಬಾಯಲ್ಲಿ ಬೇಡ.”

“ನೋವು ಪಡ್ತಿದ್ರಾ? ಅದನ್ನ ಮಾತ್ರ ಹೇಳಿ.”

ನನ್ನ ಕೈ ಹಿಡಿದುಕೊಂಡರು. ಅವರ ಕಣ್ಣು ಒದ್ದೆ. ತಾವೇ ನಡೆಸಬೇಕಾದ ಕೇಸು ಇದರಿಂದ ಬಿದ್ದುಹೋಗುತ್ತದೆ ಅಂತ ಪಟ್ಟಿ ಕೊಡುವಾಗಲೇ ಅವರಿಗೆ ಗೊತ್ತಿತ್ತೇನೋ… ಈಗ ಅನ್ನಿಸುತ್ತಿದೆ. ಫೈಲಿನೊಳಗೇ ಇಟ್ಟಿದ್ದರೆ ಕೇಳುವವರು ಯಾರು?

೬ ನವೆಂಬರ್, ಗುರುವಾರ

ಕೇಳಿದೆ.

ಅರ್ಜಿ ಒಪ್ಪಿ ಕೋರ್ಟ್ ಹಾಲಿನಲ್ಲೇ ಹಾಕಿದರು. ಕಂಪ್ಯೂಟರಿನಲ್ಲಿ ಮೊದಲು ಗಾಳಿ. ಆಮೇಲೆ ಉಸಿರು. ಆ ಉಸಿರಿನಲ್ಲೇ ಗೊತ್ತಾಯಿತು.

“ಗಂಗಾ… ಕಟ್ಟೆ ಮೇಲೆ ಗಾಡಿ ಜಾರ್ತು ಕಣೇ. ಕೆಳಗೆ ಬಿದ್ದಿದೀನಿ. ತಲೆಗೆ ಒಸಿ ಏಟಾಗೈತೆ. ಗಾಬ್ರಿ ಬೀಳ್ಬೇಡ… ಮುರಳಿ ಆಟೋ ತರಕ್ಕೆ ಓಡವ್ನೆ. ಪಾಪ, ಅಳ್ತಾ ಓಡ್ದ… ಸೊಪ್ಪು ಹಾಕ್ಬಿಡೇ, ನನ್ನ ಕಾಯ್ಬೇಡ. ಹುಳ ಹಸ್ಕೊಂಡಿರ್ತವೆ. ಚಿಟ್ಟಿಗೆ ಏನೂ ಹೇಳ್ಬೇಡ… ಬರ್ತೀನಿ.”

ಅಷ್ಟೇ. ಮಧ್ಯೆ ಮಧ್ಯೆ ಬರೀ ಉಸಿರು.

ಕಟಕಟೆಯಲ್ಲಿ ಮುರಳಿ ಮುಖ ಮುಚ್ಚಿಕೊಂಡು ಕುಸಿದು ಕೂತ. ಭಾವ ಎದ್ದು ಹೊರಗೆ ಹೋದರು. ಇದು ನಿಮ್ಮ ಯಜಮಾನರ ಧ್ವನಿಯೇ ಅಂತ ಜಡ್ಜ್ ಕೇಳಿದರು. ಹೌದು ಸ್ವಾಮಿ ಅಂದೆ. ಆಮೇಲೆ ಯಾರೂ ಕೇಳದೆಯೇ ಅಂದೆ — “ನಾನು ತಪ್ಪು ತಿಳ್ಕೊಂಡಿದ್ದೆ ಸ್ವಾಮಿ. ಅವ್ನು ಕೊಂದಿಲ್ಲ.”

ಪೊಲೀಸರು ಯಾಕೆ ಬಿಟ್ಟಿದ್ದರಂತೆ? ‘ಕೌಟುಂಬಿಕ ಮಾತುಕತೆ, ಪ್ರಕರಣಕ್ಕೆ ಸಂಬಂಧವಿಲ್ಲ.’ ಫೈಲಿನಲ್ಲಿ ಹಾಗೇ ಬರೆದಿದೆ. ಫೋನಿನ ಪರೀಕ್ಷೆ ಮುಗಿದು ಬರುವ ಹೊತ್ತಿಗೆ ಚಾರ್ಜ್‌ಶೀಟ್ ಹೋಗಿತ್ತು. ಯಾರೂ ಕಿವಿಗೊಟ್ಟು ಕೇಳಿಲ್ಲ.

೭ ನವೆಂಬರ್

ಮುರಳಿ ತಾಯಿ ಮುನಿಯಲ್ಲಮ್ಮನ ಮನೆಗೆ ಹೋದೆ. ರಾಗಿ ಕೇರುತ್ತಿದ್ದಳು. ಎದ್ದೇಳಲಿಲ್ಲ. ಎಲ್ಲ ಹೇಳಿದೆ. ಕಾಲು ಮುಟ್ಟಲು ಬಗ್ಗಿದೆ, ಕಾಲು ಎಳೆದುಕೊಂಡಳು.

“ಆವತ್ತೇ ಹೇಳ್ದೆ ಕಣೇ. ನಿನ್ ಬಾಗಿಲಿಗೆ ಬಂದು ಹೇಳ್ದೆ. ಬಾಗಿಲು ಹಾಕ್ಕೊಂಡೆ ನೀನು.”

ಹೌದು. ಹಾಕಿಕೊಂಡಿದ್ದೆ.

“ಹತ್ತು ತಿಂಗ್ಳು ಕಣೇ ಗಂಗಾ.” ಮತ್ತೆ ಕೇರತೊಡಗಿದಳು. ಸ್ವಲ್ಪ ಹೊತ್ತು ನಿಂತಿದ್ದು ಬಂದೆ.

೨೫ ನವೆಂಬರ್

ಮುರಳಿಗೆ ಜಾಮೀನು. ಮೇಘನ ಮೇಡಂ ತಕರಾರು ಎತ್ತಲಿಲ್ಲ. ಮರುತನಿಖೆಗೂ ಅವರೇ ಕೇಳಿದ್ದಾರೆ. ಭಾವ ನನ್ನ ಜೊತೆ ಮಾತು ಬಿಟ್ಟಿದ್ದಾರೆ.

ಅನಿಲ್‌ಕುಮಾರ್ ಕಾಪಿ ತಂದುಕೊಟ್ಟರು. ಈಗ ನನ್ನ ಫೋನಿನಲ್ಲಿದೆ.

೩ ಡಿಸೆಂಬರ್

ಹೊಸ ಬೆಳೆ. ಹುಳು ಎರಡನೇ ಜ್ವರದಿಂದ ಎದ್ದಿವೆ. ಸೊಪ್ಪು ಹಾಸುವಾಗ ಫೋನಿನಲ್ಲಿ ಅವರ ಧ್ವನಿ ಹಾಕಿಕೊಳ್ಳುತ್ತೇನೆ. ಅವರು ಸೊಪ್ಪು ಹಾಕು ಅನ್ನುತ್ತಾರೆ, ಹಾಕುತ್ತೇನೆ. ನನ್ನ ಕಾಯಬೇಡ ಅನ್ನುತ್ತಾರೆ. ಅದೊಂದು ಮಾತು ಕೇಳಲಾಗುವುದಿಲ್ಲ.

ಬರ್ತೀನಿ ಅಂದ ಮೇಲೆ ಎರಡು ಸೆಕೆಂಡು ಗಾಳಿ. ಅದೂ ಬೇಕು ನನಗೆ. ಅಲ್ಲಿಯವರೆಗೂ ಇದ್ದಾರೆ.

೧೮ ಜನವರಿ ೨೦೨೬, ಭಾನುವಾರ

ವರ್ಷದ ಎಡೆ. ಭಾವ ಬಂದರು. ಎಲೆ ಮುಂದೆ ಕೂತು ತಲೆ ಎತ್ತದೆ ಅಂದರು, “ಅದು… ಇನ್ನೊಂದು ಸಲ ಹಾಕಮ್ಮ.”

ಹಾಕಿದೆ. ಶ್ವೇತಳಿಗೆ ಇವತ್ತೇ ಮೊದಲ ಸಲ. ಅಳುತ್ತಾಳೆ ಅಂದುಕೊಂಡಿದ್ದೆ. ‘ಚಿಟ್ಟಿ’ ಬಂದಾಗ ನಕ್ಕಳು.

೨೦ ಫೆಬ್ರುವರಿ

ಮುರಳಿಯನ್ನು ಕೇಸಿನಿಂದ ಕೈಬಿಟ್ಟರು. ಅಪಘಾತ ಅಂತ ಆಯಿತು. ಮೇಡಂ ಫೋನ್ ಮಾಡಿ ತಿಳಿಸಿದರು.

ಜಾಮೀನಾದ ಮೇಲೆ ಮೂರು ತಿಂಗಳು ಅವನು ಬೋರ್‌ವೆಲ್ ಕಡೆಗೇ ಬಂದಿಲ್ಲ. ಅವನ ಸರದಿಯ ದಿನ ನಾನು ಮೋಟರ್ ಮುಟ್ಟುವುದಿಲ್ಲ. ನೀರು ಹಾಗೇ ನಿಂತಿರುತ್ತದೆ. ಅವನ ಹಿಪ್ಪುನೇರಳೆ ಒಣಗುತ್ತಿದೆ.

೨೨ ಫೆಬ್ರುವರಿ, ಭಾನುವಾರ, ಬೆಳಿಗ್ಗೆ ಏಳೂವರೆ

ಮುರಳಿ ಬಂದಿದ್ದಾನೆ.

ಅಂಗಳದಲ್ಲಿ ನಿಂತಿದ್ದ. ಒಳಗೆ ಬಾ ಅಂದೆ. “ಇಲ್ಲೇ ಇರ್ತೀನಿ ಅತ್ತಿಗೆ” ಅಂತ ಜಗಲಿ ತುದಿಯಲ್ಲಿ ಕೂತ. ಕ್ಷಮಿಸು ಅನ್ನಲು ಬಾಯಿ ತೆರೆದೆ, ಅವನು ಕೈ ಎತ್ತಿ ತಡೆದ.

“ಅದಕ್ ಬಂದಿಲ್ಲ. ಕೋರ್ಟಲ್ಲಿ ಸರಿಯಾಗಿ ಕೇಳ್ಸಲಿಲ್ಲ ನಂಗೆ. ಅಳು ಬಂದ್ಬಿಡ್ತು. ಒಂದ್ಸಲ… ಕದಿರೇಶಣ್ಣಂದು ಕೇಳ್ಬೇಕು ಅತ್ತಿಗೆ.”

ಫೋನ್ ಅವನ ಕೈಗೆ ಕೊಟ್ಟು ಒಳಗೆ ಬಂದೆ. ಎದುರು ನಿಲ್ಲಲು ಆಗಲಿಲ್ಲ. ಅದಕ್ಕೇ ಈ ಪುಸ್ತಕ ತೆಗೆದೆ. ಅವನಿನ್ನೂ ಒತ್ತಿಲ್ಲ. ಕಿಟಕಿಯಿಂದ ಕಾಣುತ್ತಿದೆ, ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದಾನೆ. ಅವನು ಓಡುವ ಮುಂಚೆ ಇವರು ಏನಂದರು? ನೀರು ಕೇಳಿದರಾ? ಇವತ್ತು ಕೇಳಬೇಕು. ಹೇಳಲು ಈ ಲೋಕದಲ್ಲಿ ಅವನೊಬ್ಬನೇ ಇರುವುದು. ಚಾಪೆ ಹಾಕಿ, ಅವನ ಪಕ್ಕ ಕೂತು—

ಒತ್ತಿದ. ಗಾಳಿ…