ಬೀರುವಿನ ಹಿಂದಿನ ಕಾಗದ

ಶಹಾಬಾದ
೧೪ ಡಿಸೆಂಬರ್ ೨೦೨೪, ಶನಿವಾರ

ನನ್ನವ್ವಾ,

ಮೊಣಕಾಲು ನೋವು ಹೇಗಿದೆ? ಚಿಂಚೋಳಿಯ ಚಳಿಗೆ ಹೆಚ್ಚಾಗಿರಬೇಕು. ಅಕ್ಕನ ಕೂಸಿಗೆ ಎಣ್ಣೆ ಹಚ್ಚುವಾಗ ಅದನ್ನೇ ನಿನ್ನ ಕಾಲಿಗೂ ಒಂದಿಷ್ಟು ಸವರಿಕೋ. ಬಾಣಂತನ ಮಾಡಲು ಹೋದವಳು ನೀನೇ ಹಾಸಿಗೆ ಹಿಡಿಯಬೇಡ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಗೋಡೆಯಾಚೆಯ ಕಾಕಿಯ ಹೆಸರು ಬಂದ ಕೂಡಲೇ ನೀನು ಫೋನ್ ಇಟ್ಟುಬಿಡುತ್ತೀ. ಪತ್ರವನ್ನಾದರೆ ಬೈಯುತ್ತಲೇ ಕೊನೆಯವರೆಗೆ ಓದುತ್ತೀ.

ಮನೆ ರಿಪೇರಿ ಅರ್ಧ ಮುಗಿದಿದೆ. ನಡುಮನೆಯ ಬೀರುವಿನ ಹಿಂದಿನ ಗೋಡೆಯೊಂದನ್ನು ಬಿಟ್ಟುಬಿಡು ಅಂತ ನೀನು ಹೇಳಿಹೋಗಿದ್ದೆ, ಮರೆತಿಲ್ಲ. ಆದರೆ ಅಲ್ಲಿ ಅಂಟಿಸಿದ್ದ ಹಳೇ ಹೂವಿನ ಕಾಗದದಿಂದ ಹುಳ ಇಳಿದು ನನ್ನ ಇಳಕಲ್ ಸೀರೆಯನ್ನೇ ತಿಂದ ಮೇಲೆ ಸುಮ್ಮನಿರಲು ಆಗಲಿಲ್ಲ. ಬೀರು ಸರಿಸಿ, ಕಾಗದ ಕೀಳಲು ಪೇಂಟರ್ ತಾರೀಕನಿಗೆ ಹೇಳಿದೆ. ಅವನು ನೀರು ಹಚ್ಚಿ ನೆನೆಸಿ ಕರಣಿಯಿಂದ ಮೆಲ್ಲಗೆ ಎಬ್ಬಿಸಿದ. ಹೂವಿನ ಕಾಗದದ ಕೆಳಗೆ ಹಸಿರು ಪಟ್ಟಿಯದು, ಅದರ ಕೆಳಗೆ ಉರ್ದು ಪೇಪರು. ಅವನು ಚಹಾಪುಡಿಯ ಜಾಹೀರಾತನ್ನೂ ಬಿಡದೆ ಓದುತ್ತಾ ನಿಂತ, ನಾನು ಅರ್ಥ ಕೇಳುತ್ತಾ ನಿಂತೆ, ಒಂದು ತಾಸು ಕೆಲಸ ಹಾಳು. ಪೇಪರಿನ ಕೆಳಗೆ ಗೋಣಿತಟ್ಟು ಸಿಕ್ಕಿತು. ತಾರೀಕ ಬೆರಳಿನಿಂದ ಬಡಿದು ನೋಡಿ, "ಅಕ್ಕಾ, ಇದು ಗ್ವಾಡಿ ಅಲ್ರಿ, ಬಾಗಲಾ ಅದ" ಅಂದ.

ಅವ್ವಾ, ನಾನು ಅಲ್ಲೇ ಕುಳಿತುಬಿಟ್ಟೆ. ಅಪ್ಪ ಮತ್ತು ಪೀರಪ್ಪ ಕಾಕಾ ಮನೆ ಪಾಲು ಮಾಡಿಕೊಂಡಾಗ ನನಗೆ ನಾಲ್ಕು ವರ್ಷ. ನಡುವಿನ ಬಾಗಿಲನ್ನು ಕಲ್ಲಿನಿಂದ ಮುಚ್ಚಬೇಕೆಂದು ಹಿರಿಯರು ಹೇಳಿದರು, ಅಪ್ಪ ಒಂದೇ ದಿನದಲ್ಲಿ ಕಟ್ಟಿ ಮುಗಿಸಿದ ಅಂತಲೇ ಕೇಳಿ ಬೆಳೆದವಳು ನಾನು. ಕಾಕಿಯ ಮಾತು ಬಂದಾಗಲೆಲ್ಲ ನೀನೂ, "ನಡುವ ಕಲ್ಲ ಅದ, ಮುಗೀತು" ಅನ್ನುತ್ತಿದ್ದೆ. ಭಂಕೂರಿನ ಫರಸಿ ಕಲ್ಲಿನಿಂದ ಊರಿಗೆಲ್ಲ ಗೋಡೆ ಕಟ್ಟಿದ ಗೌಂಡಿ ನಮ್ಮಪ್ಪ ತನ್ನ ಮನೆಯಲ್ಲಿ ಒಂದು ಕಲ್ಲನ್ನೂ ಇಟ್ಟಿಲ್ಲ. ಚೌಕಟ್ಟಿಗೆ ತಟ್ಟು ಬಿಗಿದು, ಕಾಗದ ಹಚ್ಚಿ, ಎದುರಿಗೆ ಬೀರು ನಿಲ್ಲಿಸಿದ್ದಾನೆ. ತಟ್ಟು ಬಿಚ್ಚಿ ನೋಡಿದರೆ ಬಾಗಿಲಿಗೆ ಚಿಲಕವನ್ನೂ ಹಾಕಿಲ್ಲ. ಕಾಗದ ಹಳೆಯದಾದಾಗ ಯಾರಿಗೂ ಮುಟ್ಟಗೊಡದೆ ತಾನೇ ಅದರ ಮೇಲೆ ಹೊಸದು ಅಂಟಿಸುತ್ತಿದ್ದುದು ಈಗ ಅರ್ಥವಾಯಿತು. ಅಪ್ಪ ಇದ್ದಾಗ ಒಂದು ಮಾತು ಕೇಳಬಹುದಿತ್ತಲ್ಲ ಅಂತ ಭಾಳ ಅಳು ಬಂತು.

ಇನ್ನೊಂದು ಸಂಗತಿ. ಕಾಗದಕ್ಕೆ ಹಚ್ಚಿದ ಅಂಟು ಜೋಳದ ಹಿಟ್ಟಿನದು, ಹುಳ ಬಂದಿದ್ದೇ ಅದಕ್ಕೆ. ಅಪ್ಪನಿಗೆ ಒಲೆ ಹೊತ್ತಿಸಲೂ ಬರುತ್ತಿರಲಿಲ್ಲ. ಹಾಗಾದರೆ ಆ ಅಂಟು ಕುದಿಸಿಕೊಟ್ಟವರು ಯಾರು, ಅವ್ವಾ? ಗಂಟಿಲ್ಲದಂತೆ ಅಷ್ಟು ನುಣ್ಣಗೆ ತಿರುವುವ ಕೈ ನಮ್ಮ ಮನೆಯಲ್ಲಿ ಒಂದೇ ಇದೆ. ನನಗೆ ಸಿಟ್ಟಿಲ್ಲ, ಕಲ್ಲಿಲ್ಲವೆಂದು ಗೊತ್ತಿದ್ದೂ ಇಷ್ಟು ವರ್ಷ ಹೇಗೆ ಸುಮ್ಮನಿದ್ದೆ ಎಂದು ತಿಳಿಯುವ ಆಸೆ ಅಷ್ಟೇ. ಬರುವ ಶನಿವಾರ ತಾರೀಕ ಪುಟ್ಟಿ ಹಚ್ಚಲು ಬರುತ್ತಾನೆ. ಬಾಗಿಲು ಇರಲೋ, ನಿಜವಾಗಿಯೂ ಕಲ್ಲು ಕಟ್ಟಿಸಲೋ? ನೀನು ಹೇಳುವವರೆಗೆ ನಾನು ಅದನ್ನು ಮುಟ್ಟುವುದಿಲ್ಲ.

ಅಕ್ಕನನ್ನು ಕೇಳಿದೆ ಅಂತ ಹೇಳು. ಕೂಸಿನ ಎರಡೂ ಕೆನ್ನೆಗೆ ನನ್ನ ಮುತ್ತು.

ನಿನ್ನ ಕಾಲಿಗೆರಗಿ,
ಮಾತು ಕೇಳದ ಮಗಳು
ಮೈತ್ರಿ

ತಾ.ಕ.: ತಪ್ಪಾಯಿತು, ಮುಟ್ಟಿದೆ. ಕವರು ಮುಚ್ಚುವ ಮೊದಲು ಬಾಗಿಲನ್ನು ಒಮ್ಮೆ ಎಳೆದು ನೋಡೋಣ ಅನ್ನಿಸಿತು, ತೆರೆದೇಬಿಟ್ಟಿತು. ಆಚೆ ಕಾಕಿ ರೊಟ್ಟಿ ಬಡಿಯುತ್ತಿದ್ದಳು. ಅವರ ಕಡೆ ಕಾಗದವಿಲ್ಲ, ಬಾಗಿಲಿಗೆ ಈ ದೀಪಾವಳಿಗೂ ಬಣ್ಣ ಹಚ್ಚಿದ್ದಾರೆ. ಹಿಟ್ಟಿನ ಕೈಯಲ್ಲೇ ಎದ್ದು ಬಂದು, ನನ್ನ ಬೆನ್ನ ಹಿಂದೆ ನೀನಿದ್ದೀಯೇನೋ ಎಂದು ಇಣುಕಿದಳು. ಆಮೇಲೆ ಅಂದಳು: "ಹಿಂದ ಕಲ್ಲ ಅದ ಅಂತ ತಿಳಕೊಂಡು, ಇಪ್ಪತ್ತೆರಡ ವರ್ಷದಾಗ ನಾ ಒಂದಿನಾನೂ ದಬ್ಬಿ ನೋಡಲಿಲ್ಲವ್ವಾ."