ಗೇರಿನ ಲಂಗ

ಜೂನ್ ೧೨, ರಾತ್ರಿ ಎರಡೂವರೆ. ಪಕ್ಕದಲ್ಲಿ ಮಲಗಿದ್ದ ಕೂಸು ಪುಟ್ಟಿ ಕುಂಯ್‌ಗುಟ್ಟಿದ ಸದ್ದಿಗೆ ಎಚ್ಚರವಾಯಿತು. ನಾನೇ ಹೊಲಿದ ಹೊಸ ಉಡುಪು, ಅವಳು ಕಾಲು ಚಾಚಿದೊಡನೆ ಭುಜ ಹಿಡಿದು ಎಳೆಯುತ್ತಿತ್ತು. ಅವಳು ಕಾಲು ಮಡಚಿ ಮಲಗಿದ್ದಾಗ ಅಳತೆ ತೆಗೆದಿದ್ದೆ. ಗುಂಡಿ ಬಿಚ್ಚುತ್ತಿದ್ದಂತೆ ಹೊಳೆಯಿತು. ಇವರು ಮಾಲೀಕರಿಗೆ ಒಪ್ಪಿಸಲು ಒಯ್ದಿರುವ ಆ ಸ್ಪೋರ್ಟ್ಸ್ ಕಾರಿಗೂ ಹೀಗೆಯೇ ಮಾಡಿದ್ದೇನೆ.

ಗೇರುಕೋಲಿನ ಬುಡ ಮುಚ್ಚುವ ಚರ್ಮ ಹರಿದಿತ್ತು, ಹೊಸದು ಹೊಲಿದೆ. "ಗೇರಿಗೂ ಲಂಗ ಹೊಲಿದ್ಯಾ? ನಿನ್ನ ಗಂಡನ ಶರಟಿಗೆ ಮಾತ್ರ ಗುಂಡಿ ಇಲ್ಲ" ಎಂದರು ಅತ್ತೆ. ಇವರೂ ನಕ್ಕರು. ಅಳತೆ ತೆಗೆದಾಗ ಗೇರು ನ್ಯೂಟ್ರಲ್‌ನಲ್ಲಿ, ನಡುವೆ ನೆಟ್ಟಗೆ ನಿಂತಿತ್ತು. ಪುಟ್ಟಿ ಅಳುತ್ತಿದ್ದಳೆಂದು ಹಿಂದಕ್ಕೆ ಮುಂದಕ್ಕೆ ಎಳೆದು ನೋಡಲೇ ಇಲ್ಲ. ಏರುವಾಗ ಎಂಜಿನ್ನೇ ಗೇರನ್ನು ಹಿಡಿದಿರುತ್ತದೆ, ಏನೂ ತಿಳಿಯುವುದಿಲ್ಲ. ಇಳಿಜಾರಿನಲ್ಲಿ ಆಕ್ಸಿಲರೇಟರಿನ ಮೇಲಿನ ಕಾಲು ಸಡಿಲಿಸಿದರೆ ಬಿಗಿಯಾದ ಚರ್ಮ ಗೇರನ್ನು ವಾಪಸು ನ್ಯೂಟ್ರಲ್‌ಗೆ ಎಳೆಯುತ್ತದೆ. ಆಮೇಲೆ ಕಾರು ಎಂಜಿನ್ನಿನ ಹಿಡಿತವಿಲ್ಲದೆ ಕೆಳಕ್ಕೆ ಉರುಳುತ್ತದೆ, ಬ್ರೇಕೊಂದೇ ಗತಿ.

ಇವರು ರಾತ್ರಿ ಬೆಟ್ಟದ ಮೇಲಿನ ಲಾಡ್ಜಿನಲ್ಲಿ ಮಲಗಿ, ಬೆಳಕು ಹರಿಯುತ್ತಲೇ ಇಳಿದು ಕಾರನ್ನು ಮಾಲೀಕರಿಗೆ ಒಪ್ಪಿಸುತ್ತೇನೆ ಎಂದು ಹೋಗಿದ್ದಾರೆ. ಫೋನ್ ಆರಿಸಿ ಮಲಗುವ ಅಭ್ಯಾಸ ಬೇರೆ. ಎಷ್ಟು ಸಲ ಮಾಡಿದರೂ ಸ್ವಿಚ್ ಆಫ್ ಆಗಿದೆ ಎನ್ನುವ ಅದೇ ಹೆಂಗಸಿನ ದನಿ. ಲಾಡ್ಜಿನ ಹೆಸರನ್ನೂ ಕೇಳಿಟ್ಟುಕೊಳ್ಳಲಿಲ್ಲ. ಅತ್ತೆಯನ್ನು ಎಬ್ಬಿಸಿದೆ. "ಅವನು ಗಟ್ಟಿ ಡ್ರೈವರು ಕಣೇ, ಸುಮ್ನೆ ಮಲಕ್ಕೋ" ಎಂದು ಮಗ್ಗುಲಾದರು. ಈಗ ಅವರೂ ಕತ್ತಲಲ್ಲಿ ಎದ್ದು ಕೂತಿದ್ದಾರೆ.

ರೀ, ಕೀಲಿ ತಿರುಗಿಸುವ ಮುಂಚೆ ಒಮ್ಮೆ ಫೋನ್ ಆನ್ ಮಾಡಿ ನೋಡಿ. ಆ ಹೊಲಿಗೆಯನ್ನು ಬ್ಲೇಡಿನಲ್ಲಿ ಕೊಯ್ದುಬಿಡಿ, ಮಾಲೀಕರು ಬೈದರೆ ಬೈಯಲಿ, ಇನ್ನೊಂದು ಹೊಲಿದು ಕೊಡುತ್ತೇನೆ. ಇನ್ನೂ ಮೂರೂವರೆ, ಆದರೂ ಕಿಟಕಿ ಆಗಲೇ ಬೆಳ್ಳಗಾಗುತ್ತಿರುವ ಹಾಗೆ ಕಾಣುತ್ತಿದೆ. ದಮ್ಮಯ್ಯ, ಬೆಳಗಾಗುವ ಮುಂಚೆ ಫೋನ್ ಮಾಡಿ, ಒಂದೇ ಒಂದು ಸಲ…