ಹನ್ನೆರಡನೆಯ ಸಾಲಿನ ಬಿಕ್ಕಳಿಕೆ

ಮಾರ್ಚ್ ೧೪, ಮಂಗಳವಾರ. ಕೋರ್ದೊಬಾ.

ಕೆಳಮನೆಯ ರೆಮೆದಿಯೋಸ್ ಅಜ್ಜಿಯ ಮೇಲೆ ಸಿಟ್ಟು ಬರಬೇಕಿತ್ತು, ಬರುತ್ತಿಲ್ಲ.

ನಾಲ್ಕು ತಿಂಗಳಿಂದ ನನ್ನನ್ನು ಸತಾಯಿಸಿದ, ಗಿಟಾರಿನಲ್ಲಿ ನುಡಿಸುವ ಪಾಠದ ಹನ್ನೆರಡನೆಯ ಸಾಲು ಇಂದು ಸಂಜೆ ಎಡವದೆ ಬಂತು. ಉಂಗುರಬೆರಳಿನ ಉಗುರು ಎಂದಿನಂತೆ ಟಕ್ ಎಂದು ತಂತಿಗೆ ಸಿಕ್ಕಿಕೊಳ್ಳಲೇ ಇಲ್ಲ. ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದ ಅಜ್ಜಿ ಕೂಗಿದರು: "ಏನೇ ಹುಡುಗಿ, ಮಧ್ಯದಲ್ಲಿ ಏನೋ ನುಂಗಿಬಿಟ್ಯಲ್ಲ?"

"ಇಲ್ಲ ಅಜ್ಜಿ, ಇವತ್ತೇ ಸರಿಯಾಗಿ ಬಂದಿದ್ದು!"

"ಸುಮ್ನಿರೇ. ಅಲ್ಲೊಂದು ಬಿಕ್ಕಳಿಕೆ ಬರುತ್ತೆ, ಟಕ್ ಅಂತ. ಅದಕ್ಕೆ ಸರಿಯಾಗಿ ನಾನು ಕ್ಲಿಪ್ ಹಾಕೋದು!"

ಶುಕ್ರವಾರ ಗಿಟಾರ್ ಪರೀಕ್ಷೆ. ಅಲ್ಲಿ ಬಿಕ್ಕಳಿಸಿದರೆ ನನ್ನ ಕಥೆ ಮುಗಿಯಿತು. ಆದರೂ ಅಜ್ಜಿಗೋಸ್ಕರ ಇನ್ನೊಮ್ಮೆ, ಬೇಕೆಂದೇ ಎಡವಲು ನೋಡಿದೆ. ಬೆರಳು ಮಾತು ಕೇಳಲಿಲ್ಲ, ಸಾಲು ಸಲೀಸಾಗಿ ಹರಿದುಹೋಯಿತು. ಕಿಟಕಿಯಿಂದ ಬಗ್ಗಿ ನೋಡಿದರೆ ಅಜ್ಜಿ ಕ್ಲಿಪ್ ಹಿಡಿದುಕೊಂಡು ಇನ್ನೂ ಕಾಯುತ್ತಿದ್ದರು.